ಹತ್ತು ಗ್ರಾಂ ಬಾಕಿ

ಆ ಭಾನುವಾರ ಯೋಗೀಶನನ್ನು ಮಂಚದ ಅಡಿಗೆ ತಳ್ಳಿದ್ದು ಬರೇ ಹತ್ತು ಗ್ರಾಂ. ಬೆಳಿಗ್ಗೆ ಆರೂವರೆಗೆ ಅವನು ಕಳ್ಳಹೆಜ್ಜೆಯಲ್ಲಿ ಮಹಡಿ ಹತ್ತಿ, ಭಾವಮೈದನ ಕೋಣೆಯ ಬೀಗ ತೆಗೆದು, ಸೂರಿನ ಕೊಕ್ಕೆಯಿಂದ ನೇತಾಡುತ್ತಿದ್ದ ಗಂಟನ್ನು ತಕ್ಕಡಿಗೆ ಸಿಕ್ಕಿಸಿದಾಗ ಒಂದು ಕಿಲೋ ಮುನ್ನೂರ ಹತ್ತು ಗ್ರಾಂ ತೋರಿಸಿತು. ಬೇಕಾದದ್ದು ಒಂದು ಕಿಲೋ ಮುನ್ನೂರು. ಬೇರೆ ಯಾರೇ ಆಗಿದ್ದರೂ ಹತ್ತು ಗ್ರಾಂ ತಾನೇ ಎಂದು ಗಂಟನ್ನು ಇಳಿಸಿ, ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು; ಈ ಕತೆಯೂ ಹುಟ್ಟುತ್ತಿರಲಿಲ್ಲ. ಆದರೆ ಯೋಗೀಶ ಮಣಿಪಾಲದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹದಿನೆಂಟು ವರ್ಷಗಳಿಂದ ಅಟೆಂಡರ್. ತಕ್ಕಡಿ ಹೇಳಿದ್ದನ್ನು ಹೆಂಡತಿ ಹೇಳಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚೇ ನಂಬುವವನು. ಸಂಜೆಯೊಳಗೆ ಹತ್ತು ಗ್ರಾಂ ಹೋದೀತು, ಆಗ ಇಳಿಸಿದರಾಯಿತು ಎಂದುಕೊಂಡು ಬೀಗ ಹಾಕಿ ಬಂದ.

ಗಂಟಿನೊಳಗೆ ಇದ್ದದ್ದು ಹಂದಿಮಾಂಸ. ಕುತ್ತಿಗೆಯ ಭಾಗದ, ಎಲುಬಿಲ್ಲದ, ಎರಡು ಕಿಲೋದ ಒಂದೇ ತುಂಡು. ಅದನ್ನು ಬೆಂಕಿ ತಾಗಿಸದೆ ಗಾಳಿಯಲ್ಲೇ ಒಣಗಿಸಿ, ಕಾಗದದಷ್ಟು ತೆಳ್ಳಗೆ ಕೊಯ್ದು ತಿನ್ನುವ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಬೇಲಿಯಾಚೆಯ ಕ್ಲಾರೆನ್ಸ್. ಕ್ಲಾರೆನ್ಸ್ ಮೂವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದು ಬೆಳ್ಮಣ್ಣಿಗೆ ಮರಳಿದವನು. ಇಟಲಿಯ ಯಾವುದೋ ಬಂದರಿನಲ್ಲಿ ಒಬ್ಬ ಮುದುಕಿ ಕೈಹಿಡಿದು ಕಲಿಸಿದ ವಿದ್ಯೆ ಇದು ಎನ್ನುತ್ತಿದ್ದ. ಹೆಂಡತಿ ರೋಸಿಬಾಯಿ ಹತ್ತಿರ ಇಲ್ಲದಾಗ ಆ ಮುದುಕಿಯ ವಯಸ್ಸು ಸ್ವಲ್ಪ ಇಳಿಯುತ್ತಿತ್ತು. ಅವನ ಸೂತ್ರ ಒಂದೇ: ಉಪ್ಪು, ಕಾಳುಮೆಣಸು ಹಚ್ಚಿ ಹತ್ತು ದಿನ ಫ್ರಿಜ್ಜಿನಲ್ಲಿಡು, ದ್ರಾಕ್ಷಾರಸದಲ್ಲಿ ತೊಳೆ, ಬಿಳಿ ಬಟ್ಟೆ ಸುತ್ತಿ ತಂಪಾದ ಒಣಗಾಳಿಯಲ್ಲಿ ನೇತುಹಾಕು. ಮೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು ತೂಕ ಇಳಿಯುವ ತನಕ ಬಿಚ್ಚಬೇಡ, ಮುಟ್ಟಬೇಡ, ಇಣುಕಬೇಡ. “ಅವಸರ ಮಾಡಿದವ ಮೂರು ದಿನ ಹೊಟ್ಟೆ ಹಿಡ್ಕೊಂಡು ಕೂರ್ತಾನೆ ಮಾರಾಯ,” ಎಂದು ಕ್ಲಾರೆನ್ಸ್ ಎಚ್ಚರಿಸಿದ್ದ.

ಸೂತ್ರ ಚೆನ್ನಾಗಿತ್ತು, ಊರು ಸರಿಯಿರಲಿಲ್ಲ. ಹಪ್ಪಳವೇ ಮೂರು ದಿನ ಬೆವರುವ ಈ ಕರಾವಳಿಯಲ್ಲಿ ಒಣಗಾಳಿ ಎಲ್ಲಿಂದ ಬರಬೇಕು. ಇದ್ದದ್ದು ಒಂದೇ ದಾರಿ: ಭಾವಮೈದ ಹರ್ಷಿತನ ಏ.ಸಿ. ಕೋಣೆ. ಹರ್ಷಿತ್ ಕುವೈತಿನಲ್ಲಿದ್ದಾನೆ. ವರ್ಷಕ್ಕೊಮ್ಮೆ ಬರುವ ತನಗಾಗಿ ತಾಯಿಯ ಮನೆಯ ಮೇಲೆ ಆ ಕೋಣೆ ಕಟ್ಟಿಸಿ, ಮಂಚದ ಹಾಸಿಗೆಯ ಪ್ಲಾಸ್ಟಿಕ್ ಕೂಡ ತೆಗೆಯಬಾರದೆಂದು ಹೇಳಿ ಬೀಗ ಹಾಕಿ ಹೋಗಿದ್ದ. ಧೂಳು ಹೊಡೆಯಲೆಂದು ಒಂದು ಕೀಲಿ ಮನೆ ಅಳಿಯನಾದ ಯೋಗೀಶನ ಬಳಿ ಇತ್ತು. ಇನ್ನೊಂದು ಅತ್ತೆ ಸುಗಂಧಿಯಮ್ಮನ ಸೊಂಟದ ಗೊಂಚಲಿನಲ್ಲಿ. ಆದರೆ ದಿನವಿಡೀ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುವ ಅತ್ತೆ, ಮೊಣಕಾಲು ನೋವೆಂದು ಮಹಡಿ ಹತ್ತದೆ ನಾಲ್ಕು ವರ್ಷವಾಗಿತ್ತು.

ಹಾಗೆ ಡಿಸೆಂಬರ್ ಮೊದಲ ವಾರ ಗಂಟು ಕೊಕ್ಕೆ ಏರಿತು. ದ್ರಾಕ್ಷಾರಸ ಸಿಗದ್ದರಿಂದ, ತೀರಿಹೋದ ಮಾವ ಚೆನ್ನಪ್ಪನವರ ಕಪಾಟಿನ ಮೂಲೆಯಲ್ಲಿ ಅರ್ಧ ಉಳಿದಿದ್ದ ಬ್ರಾಂಡಿಯಲ್ಲಿ ಮಾಂಸ ತೊಳೆದ. ಬಿಳಿ ಬಟ್ಟೆಗೆ ಅವರದೇ ಪೆಟ್ಟಿಗೆಯಿಂದ ಹಸಿರು ಅಂಚಿನ ಒಂದು ಮುಂಡು ಹರಿದ. ಸೂಟ್‌ಕೇಸ್ ತೂಗಲು ಹರ್ಷಿತ್ ತಂದಿಟ್ಟಿದ್ದ ಕೈತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ, ತಾರೀಕನ್ನೂ ತೂಕವನ್ನೂ ಗಂಟಿಗೆ ಕಟ್ಟಿದ ಚೀಟಿಯಲ್ಲಿ ಬರೆದ. ತೂಕ ಶಾಲೆಗೆ ಹೋಗುವ ಒಳ್ಳೆಯ ಹುಡುಗನ ಹಾಗೆ ವಾರವಾರವೂ ತಪ್ಪದೆ ಇಳಿಯಿತು.

ಇಷ್ಟಕ್ಕೂ ಒಂದು ತುಂಡು ಹಂದಿಗೆ ಇಷ್ಟು ಒದ್ದಾಟ ಯಾಕೆ ಎಂದರೆ, ಯೋಗೀಶ ಹಿಡಿದ ಕೆಲಸ ಇದುವರೆಗೆ ಒಂದೂ ಮುಗಿದದ್ದಿಲ್ಲ. ಬಚ್ಚಲಿನಲ್ಲಿ ಬೆಳೆಸಿದ ಅಣಬೆಯನ್ನು ನೆಂಟರು ಫಿನಾಯಿಲ್ ಹಾಕಿ ತೊಳೆದಿದ್ದರು. ನೇರಳೆಹಣ್ಣಿನ ವೈನು ಬಿಸು ಹಬ್ಬದ ದಿನ ಸ್ಫೋಟಗೊಂಡು, ಅಡುಗೆಮನೆಯ ಗೋಡೆ ಇನ್ನೂ ನಂಜು ಹಿಡಿದ ಹಾಗೆ ನೇರಳೆ. ಹರ್ಷಿತ್ ಕುವೈತಿನಿಂದ ಫೋನು ಮಾಡಿದಾಗಲೆಲ್ಲ “ಭಾವನ ಈಗಿನ ಫ್ಯಾಕ್ಟರಿ ಯಾವುದು?” ಎಂದು ಕೇಳುತ್ತಿದ್ದ, ಆ ಕಡೆ ಅವನ ಇಡೀ ರೂಮು ನಗುತ್ತಿತ್ತು. ಅದೇ ಹರ್ಷಿತ್ ಮಂಗಳವಾರ ರಜೆಯ ಮೇಲೆ ಬರುವವನಿದ್ದ. ಅವನ ಊಟದ ತಟ್ಟೆಯ ಬದಿಯಲ್ಲಿ ಗುಲಾಬಿಯಂಥ ನಾಲ್ಕು ತೆಳು ಬಿಲ್ಲೆಗಳನ್ನು ಇಟ್ಟು, ಕ್ಲಾರೆನ್ಸನ ಮನೆಯಲ್ಲಿ ನಾನೇ ಮಾಡಿದ್ದು ಎಂದು ಹೇಳಿ ಸುಮ್ಮನೆ ನಿಲ್ಲಬೇಕು. ಯೋಗೀಶನ ಬಯಕೆ ಅಷ್ಟೇ. ಅದಕ್ಕೆ ಮಾಂಸ ಇಂದೇ ಕೆಳಗಿಳಿಯಬೇಕು, ಎಲ್ಲಿ ಒಣಗಿತು ಎಂದು ಯಾರಿಗೂ ಗೊತ್ತಾಗಬಾರದು.

ತಿಂಡಿಗೆಂದು ಬಂದರೆ ಒಲೆಯ ಮೇಲೆ ತಿಂಡಿಯೇ ಇರಲಿಲ್ಲ. ಅಂಗಳದಲ್ಲಿ ಕಾಪುವಿನಿಂದ ಅತ್ತೆಯ ಅಣ್ಣ ಭೋಜ ಮಾವ ಬಂದಿಳಿದಿದ್ದರು. ಸ್ಕೂಟರಿನ ಒಂದು ಬದಿಯಲ್ಲಿ ಎರಡು ಹುಂಜ ತಲೆಕೆಳಗಾಗಿ ತೂಗುತ್ತಿದ್ದವು, ಇನ್ನೊಂದು ಬದಿಯಲ್ಲಿ ಬಾಳೆಲೆ. ಭೋಜ ಮಾವ ಎಲ್ಲಿ ಹೋದರೂ ಹಿರಿಯರಾಗಿಯೇ ಹೋಗುತ್ತಿದ್ದವರು. ಅವರೆದುರು ಯೋಗೀಶನ ಬೆನ್ನು ತಾನಾಗಿ ಅರ್ಧ ಇಂಚು ಬಾಗುತ್ತಿತ್ತು.

“ಎಂತ ವಿಶೇಷ ಇವತ್ತು?” ಎಂದು ಹೆಂಡತಿ ಚೈತನ್ಯಾಳನ್ನು ಕೇಳಿದ.

“ಹರ್ಷಿತ ಬರುವ ಮೊದಲೇ ಅಮ್ಮ ಅಪ್ಪನಿಗೆ ಅಗೆಲು ಬಡಿಸ್ತಾರಂತೆ. ಅದು ಮುಗಿಯುವ ತನಕ ಯಾರಿಗೂ ತಿಂಡಿ ಇಲ್ಲ.”

ಅಗೆಲು ಎಂದರೆ ಮನೆಯ ಸತ್ತ ಹಿರಿಯರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವ ತನಕ ಹೊರಗೆ ಸದ್ದಿಲ್ಲದೆ ಕಾಯುವುದು. ಈ ಮನೆಯಲ್ಲಿ ಅದು ಮಳೆಗಾಲದ ಆಟಿ ತಿಂಗಳಲ್ಲಿ ನಡೆಯುವ ಕ್ರಮ. ಜನವರಿ ಕೊನೆಯಲ್ಲಿ ಯಾರೂ ಬಡಿಸಿದ್ದನ್ನು ಯೋಗೀಶ ಕಂಡಿರಲಿಲ್ಲ. ಅದನ್ನೇ ಕೇಳಿದ.

“ಅಪ್ಪ ಬಂದಿದ್ದಾರಂತೆ,” ಎಂದಳು ಚೈತನ್ಯಾ.

“ಎಲ್ಲಿಗೆ?”

“ಹರ್ಷಿತನ ಕೋಣೆಗೆ.”

ಯೋಗೀಶ ಕುಡಿಯುತ್ತಿದ್ದದ್ದು ಬರೇ ನೀರು. ಆದರೂ ಅದು ಮೂಗಿನಿಂದ ಬಂತು.

ಅತ್ತೆ ಹೇಳಿದ್ದನ್ನು ಚೈತನ್ಯಾ ಪಿಸುದನಿಯಲ್ಲಿ ವರದಿ ಮಾಡಿದಳು. ಡಿಸೆಂಬರಿನಲ್ಲೇ ಒಮ್ಮೆ ಅಮ್ಮ ಮೆಟ್ಟಿಲು ಹತ್ತಿ ಹೋಗಿ ನೋಡಿದ್ದರಂತೆ. ಬಾಗಿಲು ತೆಗೆದರೆ ಮೈ ಕೊರೆಯುವ ಚಳಿ, ಅಪ್ಪನ ಬ್ರಾಂಡಿಯ ವಾಸನೆ. ನಡು ಕೋಣೆಯಲ್ಲಿ ಅಪ್ಪನ ಹಸಿರು ಅಂಚಿನ ಮುಂಡು ಗಂಟಾಗಿ ನೇತಾಡುತ್ತಿತ್ತಂತೆ. ಒಳಗೆ ಹಂದಿ ಎಂದು ಮೂಗಿಗೇ ಗೊತ್ತಾಯಿತಂತೆ. ಮತ್ತೆ ಹೋಗಿ ನೋಡಿದಾಗ ಗಂಟು ಚಿಕ್ಕದಾಗಿತ್ತು. ಇನ್ನೊಂದು ಸಲ ಇನ್ನೂ ಚಿಕ್ಕದು. ಕುಂಬಳಕಾಯಿಯಷ್ಟು ಇದ್ದದ್ದು ಈಗ ಮಟ್ಟುಗುಳ್ಳ ಬದನೆಯಷ್ಟಾಗಿದೆ. ಹಾಕಿದ ಬೀಗ ಹಾಕಿದ ಹಾಗೇ ಇದೆ. ಗಂಟಿಗೆ ಕಟ್ಟಿದ ಚೀಟಿಯಲ್ಲಿ ಸಾಲಾಗಿ ಅಂಕಿ ಬರೆದಿದೆಯಂತೆ. ಚೆನ್ನಪ್ಪನವರು ಕಾರ್ಕಳ–ಉಡುಪಿ ಬಸ್ಸಿನಲ್ಲಿ ಇಪ್ಪತ್ತೇಳು ವರ್ಷ ಕಂಡಕ್ಟರ್ ಆಗಿದ್ದವರು, ಬರೆಯದೆ ಇರುತ್ತಾರೆಯೇ. ಎಲ್ಲವನ್ನೂ ಕೇಳಿದ ಭೋಜ ಮಾವ ಕಣ್ಣು ಮುಚ್ಚಿ, ತಿನ್ನುವವರು ಉಂಟು, ಎಂದು ತೀರ್ಪು ಕೊಟ್ಟಿದ್ದರು.

“ಬೇರೆ ಯಾರಾದ್ರೂ ಇಟ್ಟದ್ದಿರಬಹುದಲ್ವಾ,” ಎಂದು ಯೋಗೀಶ ತೊದಲಿದ.

“ಸತ್ತವರ ಮುಂಡಿನಲ್ಲಿ ಹಂದಿ ಸುತ್ತಿ ನೇತುಹಾಕುವಷ್ಟು ಬುದ್ಧಿ ಕೆಟ್ಟವರು ಯಾರಿದ್ದಾರೆ ಈ ಮನೆಯಲ್ಲಿ?” ಎಂದಳು ಚೈತನ್ಯಾ.

ಆ ಮಾತಿನ ನಂತರ ಒಪ್ಪಿಕೊಳ್ಳುವುದು ಕಷ್ಟವೇ. ಆದರೂ ಯೋಗೀಶ ಒಪ್ಪಿಕೊಳ್ಳುತ್ತಿದ್ದನೋ ಏನೋ, ಅತ್ತೆಯ ಮುಖ ನೋಡದೆ ಇದ್ದಿದ್ದರೆ. ಚೆನ್ನಪ್ಪನವರಿಗೆ ಡಾಕ್ಟರು ಕೊನೆಯ ಹನ್ನೊಂದು ವರ್ಷ ಹಂದಿಮಾಂಸ ನಿಲ್ಲಿಸಿದ್ದರು. ಮನೆಯೊಳಗೆ ಅದರ ಹೆಸರೂ ನಿಂತಿತ್ತು. ಸಾಯುವ ವಾರ ಅವರು ಒಂದೇ ಒಂದು ತುಂಡು ಕೇಳಿದ್ದರು. ಸುಗಂಧಿಯಮ್ಮ ಗಂಜಿಯ ಜೊತೆ ಮಾವಿನ ಮಿಡಿ ಬಡಿಸಿದ್ದರು. ಆ ಮಿಡಿ ಅತ್ತೆಯ ಗಂಟಲಲ್ಲಿ ನಾಲ್ಕು ವರ್ಷದಿಂದ ಸಿಕ್ಕಿಕೊಂಡಿತ್ತು. ಇವತ್ತು ತೆಂಗಿನಕಾಯಿ ತುರಿಯುತ್ತ ಕೂತ ಅತ್ತೆ, ತಲೆಯ ಮೇಲಿನ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದವರ ಹಾಗಿದ್ದರು. ಆ ಹೊರೆಯನ್ನು ಮತ್ತೆ ಎತ್ತಿ ಅವರ ತಲೆಯ ಮೇಲಿಡುವ ಧೈರ್ಯ ಯೋಗೀಶನಿಗಾಗಲಿಲ್ಲ. ತಾನು ಬದುಕಿ, ಅತ್ತೆಯೂ ಬದುಕಬೇಕಾದರೆ ಒಂದೇ ಉಪಾಯ: ಎಲೆ ಬಡಿಸುವ ಮೊದಲೇ ಗಂಟು ಮಾಯವಾಗಬೇಕು. ಮಾವ ಪೂರ್ತಿ ತಿಂದು ಹೋದರು ಎಂದಾಗುತ್ತದೆ. ಮಾಂಸ ಕ್ಲಾರೆನ್ಸನ ಮನೆ ಸೇರುತ್ತದೆ.

ಧೂಳು ಹೊಡೆದು ಬರುತ್ತೇನೆ ಎಂದು ಪೊರಕೆ ಹಿಡಿದು ಮಹಡಿಯ ಕಡೆ ನಡೆದ. ಮೆಟ್ಟಿಲ ಬುಡದಲ್ಲೇ ಭೋಜ ಮಾವ ಹುಂಜದ ಪುಕ್ಕ ಕೀಳುತ್ತ ಕೂತಿದ್ದರು. ಮೇಲೆ ಬಾಗಿಲಿಗೆ ದೇವರ ಕೋಣೆಯ ಹಿತ್ತಾಳೆ ಬೀಗವೂ ಬಿದ್ದಿದೆ ಎಂದು ಅವರೇ ತಿಳಿಸಿದರು. ಬಡಿಸುವ ತನಕ ಅಲ್ಲಿಗೆ ನೊಣವೂ ಹೋಗಬಾರದು. “ನೀನು ಹೋಗಿ ಮೀ,” ಎಂದು ಸ್ನಾನಕ್ಕೆ ಅಟ್ಟಿದರು.

ಯೋಗೀಶ ಮೀಯಲು ಹೋಗದೆ ಬೇಲಿ ಹಾರಿದ.

ಬೇಲಿಯಾಚೆ ರೋಸಿಬಾಯಿ ಸೊಂಟಕ್ಕೆ ಕೈಯಿಟ್ಟು ತಮ್ಮ ಹಲಸಿನ ಮರವನ್ನೇ ನೋಡುತ್ತ ನಿಂತಿದ್ದರು. ವರ್ಷದ ಮೊದಲ ಗುಜ್ಜೆ ಮೂರು ವಾರದ ಹಿಂದೆ ಕಾಣೆಯಾದ ದುಃಖ ಅವರಿಗೆ ಇನ್ನೂ ಆರಿರಲಿಲ್ಲ. ಮಗಳು ಶಾರ್ಲೆಟ್ ಬಂದಾಗ ಸುಕ್ಕ ಮಾಡಬೇಕೆಂದು ಹೂ ಬಿಟ್ಟಾಗಿನಿಂದ ಕಾದ ಎಳೆಯ ಹಲಸು. ಮಂಗ ಕೊಂಡುಹೋಗಿರಬೇಕು ಎಂದು ಕ್ಲಾರೆನ್ಸ್ ದಿನಾ ಸಮಾಧಾನ ಹೇಳುತ್ತಿದ್ದ.

“ಯೋಗೀಶ, ನೀನಾದ್ರೂ ಹೇಳು,” ಎಂದರು ರೋಸಿಬಾಯಿ. “ತೊಟ್ಟು ಕತ್ತಿಯಲ್ಲಿ ಕೊಯ್ದ ಹಾಗುಂಟು. ಮಂಗ ಕತ್ತಿ ತರ್ತದಾ?”

ಈಗಿನ ಮಂಗಗಳನ್ನು ನಂಬಲಿಕ್ಕಾಗುವುದಿಲ್ಲ ಎಂದು ಹೇಳಿ ಯೋಗೀಶ ಒಳಗೆ ನುಗ್ಗಿದ.

ಸಂಗತಿ ಕೇಳಿದ ಕ್ಲಾರೆನ್ಸ್ ಮೊದಲು ಐದು ನಿಮಿಷ ನಕ್ಕ. ಆಮೇಲೆ ಕಸುಬುದಾರನ ಗಾಂಭೀರ್ಯದಿಂದ ತೂಕ ಎಷ್ಟು ಎಂದು ಕೇಳಿದ. ಹತ್ತು ಗ್ರಾಂ ಬಾಕಿ ಎಂದಾಗ ತಲೆದೂಗಿದ. ಏ.ಸಿ.ಯಲ್ಲಿ ಇಷ್ಟು ಬೇಗ ಒಣಗುತ್ತದೆಂದು ತಾನೂ ಎಣಿಸಿರಲಿಲ್ಲ, ಕಳೆದ ಮೂರು ವಾರವಂತೂ ಓಡಿದ ಹಾಗೆ ಇಳಿಯಿತು, ಆ ಮುದುಕಿ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು ಎಂದ. ಮನೆಯ ಹಿಂದುಗಡೆ ಏಣಿ ಇಟ್ಟರೆ ಹರ್ಷಿತನ ಬಚ್ಚಲಿನ ಗಾಳಿಕಿಂಡಿ ಸಿಗುತ್ತದೆ. ಅದರ ಅಡ್ಡಗಾಜುಗಳನ್ನು ಎಳೆದು ತೆಗೆಯಬಹುದು. ಮನುಷ್ಯ ನುಸುಳಬಹುದು ಎಂಬುದು ಅವನ ಯೋಜನೆ. ಹಡಗಿನಲ್ಲಿ ಇದಕ್ಕಿಂತ ಸಣ್ಣ ಕಿಂಡಿಯಲ್ಲಿ ನುಸುಳಿದ್ದೇನೆ ಎಂದ. ಯಾವ ವಯಸ್ಸಿನಲ್ಲಿ ಎಂದು ಹೇಳಲಿಲ್ಲ.

ಹನ್ನೊಂದೂವರೆಗೆ ಯೋಗೀಶ ಕಿಂಡಿಯಲ್ಲಿ ತಲೆ ತೂರಿಸಿದ. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ನಿಂತಿತು. ಬಾಟಲಿಯ ಬಾಯಿಗೆ ಹೊಡೆದ ಬಿರಡೆಯ ಹಾಗೆ ಅವನು ಒಳಗೂ ಅಲ್ಲದೆ ಹೊರಗೂ ಅಲ್ಲದೆ ಉಳಿದ. ಮುಂದಿನ ಅರ್ಧದ ಕಣ್ಣೆದುರು ಹರ್ಷಿತನ ಕುವೈತಿ ಶಾಂಪೂ ಬಾಟಲಿಗಳು, ಹಿಂದಿನ ಅರ್ಧಕ್ಕೆ ಬೆಳ್ಮಣ್ಣಿನ ಬಿಸಿಲು. ಕ್ಲಾರೆನ್ಸ್ ಕೆಳಗಿನಿಂದ ಎರಡೂ ಅಂಗಾಲಿಗೆ ಹೆಗಲು ಕೊಟ್ಟು, ಕೊಂಕಣಿಯಲ್ಲಿ ಯಾವುದೋ ಸಂತನ ಹೆಸರು ಹೇಳಿ ನೂಕಿದ. ಯೋಗೀಶ ಬಚ್ಚಲಿನೊಳಗೆ ಬಿದ್ದ. ಅಷ್ಟರಲ್ಲಿ ಹೊರಗೆ ರೋಸಿಬಾಯಿಯ ದನಿ ಕೇಳಿತು. ಏಣಿ ಎಲ್ಲಿಗೆ, ಇನ್ನೊಬ್ಬರ ಬಚ್ಚಲಿನ ಹತ್ತಿರ ಏನು ಕೆಲಸ ಎಂದು ವಿಚಾರಣೆ. ಏಣಿ ದಡದಡ ದೂರ ಸರಿದದ್ದೂ ಕೇಳಿತು. ಬಂದ ದಾರಿ ಮುಚ್ಚಿತು.

ಕೋಣೆಗೆ ಕಾಲಿಟ್ಟರೆ ಗಂಟು ಅಲ್ಲೇ ತೂಗುತ್ತಿತ್ತು. ಒಣಗಿದ ಹಾಗೆ ದಾರ ಸಡಿಲವಾಗುತ್ತದೆ ಎಂದು ಕ್ಲಾರೆನ್ಸ್ ಹೇಳಿದ್ದ. ಇದು ಮಾತ್ರ ಪೇಟೆಗೆ ಹೊರಟ ಮಲ್ಲಿಗೆ ಚೆಂಡಿನ ಹಾಗೆ ಅಚ್ಚುಕಟ್ಟಾಗಿ ಬಿಗಿದುಕೊಂಡಿತ್ತು. ತನ್ನ ಕೈಗುಣ ಎಂದುಕೊಂಡು ಅವನು ಕೊಕ್ಕೆಗೆ ಕೈ ಚಾಚಿದ. ಅದೇ ಕ್ಷಣ ಮೆಟ್ಟಿಲ ಮೇಲೆ ನಾಲ್ಕಾರು ಹೆಜ್ಜೆ, ಹಿತ್ತಾಳೆ ಬೀಗದ ಕಿರ್ ಸದ್ದು. ಮಂಚ ತುಳಿದು ಬಚ್ಚಲಿಗೆ ಹಾರಿದರೆ ಹಾಸಿಗೆಯ ಪ್ಲಾಸ್ಟಿಕ್ ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಯೋಗೀಶ ಮಂಚದ ಅಡಿಗೆ ಉರುಳಿದ.

ಅಲ್ಲಿಂದ ಅವನಿಗೆ ಕಂಡದ್ದು ಪಾದಗಳು ಮಾತ್ರ. ಬಿರುಕುಬಿಟ್ಟ ಹಿಮ್ಮಡಿಗಳು ಭೋಜ ಮಾವನವು. ಉಗುರಿಗೆ ಬಣ್ಣ ಹಚ್ಚಿದವು ಚೈತನ್ಯಾಳವು. ನಿಧಾನವಾಗಿ, ಆದರೆ ನೋವಿನ ಯಾವ ಗುರುತೂ ಇಲ್ಲದೆ ಬಂದವು ಅತ್ತೆಯವು. ನೆಲದ ಮೇಲೆ ಎಲೆ ಬಿತ್ತು. ಒಂದೊಂದೇ ಪಾತ್ರೆ ಬಂತು: ಕೋಳಿ ಸುಕ್ಕ, ರೊಟ್ಟಿ, ಹುರಿದ ಬಂಗುಡೆ, ಒಂದು ಲೋಟ ಬ್ರಾಂಡಿ. ಬೆಳಿಗ್ಗೆಯಿಂದ ಏನೂ ತಿನ್ನದ ಯೋಗೀಶನ ಮೂಗಿನಿಂದ ಎಲೆಗೆ ಒಂದೂವರೆ ಗೇಣು ದೂರ. ಸತ್ತವರ ಕಷ್ಟ ಏನೆಂದು ಅವನಿಗೆ ಮೊದಲ ಸಲ ಅರ್ಥವಾಯಿತು. ಭೋಜ ಮಾವ ದೊಡ್ಡ ದನಿಯಲ್ಲಿ, ಭಾವ ಬಂದು ಉಂಡು ಹೋಗಬೇಕು, ಮಕ್ಕಳುಮರಿಗಳನ್ನು ಕಾಯಬೇಕು, ಹರ್ಷಿತನ ವಿಮಾನ ಸುಖವಾಗಿ ಇಳಿಯಬೇಕು ಎಂದು ಪ್ರಾರ್ಥಿಸಿದರು.

ಅತ್ತೆ ಮಾತ್ರ ಎಲ್ಲರನ್ನೂ ಹೊರಗೆ ಕಳಿಸಿದರು. ಅವರ ಹತ್ತಿರ ಎರಡು ಮಾತು ಆಡಲಿಕ್ಕುಂಟು ಎಂದರು. ಬಾಗಿಲು ಮುಚ್ಚಿತು. ಅತ್ತೆ ಮಂಚಕ್ಕೆ ಬೆನ್ನು ಆನಿಸಿ ನೆಲದ ಮೇಲೆ ಕೂತರು.

“ಬಂದಿದ್ದೀರಲ್ಲ,” ಎಂದರು ತಣ್ಣಗೆ. “ಮಂಚದ ಅಡಿಯಲ್ಲಿ ಧೂಳು ಉಂಟು, ಸೀನೀರಿ ಮತ್ತೆ.”

ಯೋಗೀಶ ಮೂಗು ಒತ್ತಿ ಹಿಡಿದ.

“ಆ ಹನ್ನೊಂದು ವರ್ಷ ನಾನೂ ತಿನ್ಲಿಲ್ಲ, ನಿಮಗೆ ಗೊತ್ತುಂಟಾ? ನಿಮಗಿಲ್ಲದ್ದು ನನಗೂ ಬೇಡ ಅಂತ ಬಿಟ್ಟೆ. ಮತ್ತೆ ನೀವು ಹೋದಿರಿ. ಬೇಕು ಅಂತ ಆಸೆ ಆದ್ರೆ ಯಾರ ಹತ್ರ ಹೇಳುದು? ಈ ವಯಸ್ಸಿನಲ್ಲಿ ಮುದುಕಿ ಹಂದಿ ಕೇಳಿದ್ಳು ಅಂತ ಭೋಜಣ್ಣ ಇಡೀ ಕಾಪುವಿಗೆ ಹೇಳ್ತಾನೆ.”

ಅದೇ ಹೊತ್ತಿಗೆ ಯೋಗೀಶನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕ್ಲಾರೆನ್ಸ್ ಬಿಟ್ಟರೆ ಬೇರೆ ಯಾರಿರಲು ಸಾಧ್ಯ. ಅವನು ಅದನ್ನು ಹೊಟ್ಟೆಯ ಅಡಿಗೆ ಹಾಕಿ ಅದರ ಮೇಲೆ ಮಲಗಿದ. ಅತ್ತೆ, “ಹ್ಞೂಂ, ಕೇಳ್ತಾ ಉಂಟು ಅಂತ ಆಯ್ತು,” ಎಂದರು.

ಆಮೇಲೆ ಮಾತು ಅಳಿಯನ ಕಡೆ ತಿರುಗಿತು. ಮನೆ ಅಳಿಯಂದಿರು ಸಾಮಾನ್ಯವಾಗಿ ಕೇಳಿಸಿಕೊಳ್ಳಲು ಸಿಗದ ಮಾತುಗಳು ಅವು. ಯೋಗೀಶ ಪಾಪದವನು. ಕೈ ಹಾಕಿದ್ದು ಒಂದೂ ಆಗಲಿಲ್ಲ. ಅಣಬೆ ಹೋಯಿತು, ವೈನು ಹೋಯಿತು, ಗೋಡೆಯ ಬಣ್ಣವೂ ಹೋಯಿತು. ಆದರೂ ಮರುದಿನ ಎದ್ದು ಬೇರೆ ಎಂತಾದರೂ ಶುರುಮಾಡುತ್ತಾನೆ. ಕುಡಿಯುವುದಿಲ್ಲ, ಎದುರು ಮಾತಾಡುವುದಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. “ಹರ್ಷಿತ ನಗ್ತಾನೆ,” ಎಂದರು ಅತ್ತೆ. “ನಗ್ಲಿ. ಕೈಯಲ್ಲಿ ರುಚಿ ಇದ್ದವ ಒಂದಲ್ಲ ಒಂದು ದಿನ ಗೆಲ್ತಾನೆ.”

ಮಂಚದ ಅಡಿಯಲ್ಲಿ ಯೋಗೀಶನ ಕಣ್ಣು ಒದ್ದೆಯಾಯಿತು. ಅರ್ಧ ಧೂಳಿಗೆ, ಅರ್ಧ ಅದಕ್ಕೆ.

ಅತ್ತೆ ಎದ್ದು ಹೋದರು. ಬಾಗಿಲು ಮುಚ್ಚಿತು. ಈಗ ಹೊರಗೆ ಎಲ್ಲರೂ ಉಸಿರು ಹಿಡಿದು ಕಾಯುವ ಹೊತ್ತು. ಭೋಜ ಮಾವ ಮೂರು ಸಲ ಬಡಿದೇ ಬಾಗಿಲು ತೆಗೆಯುವುದು ಕ್ರಮ. ಯೋಗೀಶ ತೆವಳಿಕೊಂಡು ಹೊರಬಂದ. ಕೋಳಿಯ ತೊಡೆಯ ಕಡೆ ಒಮ್ಮೆ ನೋಡಿದ. ಮಾವನ ಪಾಲಿನ ಬ್ರಾಂಡಿಯನ್ನೂ ಮುಂಡನ್ನೂ ಈಗಾಗಲೇ ಉಪಯೋಗಿಸಿದ್ದಾಗಿದೆ, ಇನ್ನು ಕೋಳಿಗೂ ಕೈ ಹಾಕಿದರೆ ನರಕದಲ್ಲಿ ಕೂಡ ಮನೆ ಅಳಿಯನಾಗಬೇಕಾದೀತು ಎಂದು ಕೈಮುಗಿದು ಬಿಟ್ಟ. ಗಂಟನ್ನು ಕೊಕ್ಕೆಯಿಂದ ಬಿಡಿಸಿದ. ಇಂಥ ಸಮಯದಲ್ಲೂ ಜೇಬಿನಿಂದ ತಕ್ಕಡಿ ತೆಗೆದು ತೂಗಿದ. ಹದಿನೆಂಟು ವರ್ಷದ ಅಭ್ಯಾಸ. ಒಂದು ಕಿಲೋ ಮುನ್ನೂರು. ಹತ್ತು ಗ್ರಾಂ ಹೋಗಿತ್ತು. ಜೀವನದಲ್ಲಿ ಮೊದಲ ಸಲ ಅವನು ಹಿಡಿದ ಕೆಲಸವೊಂದು ಮುಗಿದಿತ್ತು. ಗಂಟನ್ನು ಅಂಗಿಯೊಳಗೆ ತುರುಕಿ, ಲುಂಗಿಯ ಮೇಲೆ ಬಿಗಿದು, ಬಾಗಿಲ ಹಿಂದೆ ಗೋಡೆಗೆ ಅಂಟಿ ನಿಂತ.

ಮೂರು ಬಡಿತ ಬಿತ್ತು. ಬಾಗಿಲು ಒಳಕ್ಕೆ ತೆರೆದು ಅವನನ್ನು ಮರೆಮಾಡಿತು. ಎಲ್ಲರ ಕಣ್ಣೂ ಮೊದಲು ಎಲೆಗೆ, ಆಮೇಲೆ ಕೊಕ್ಕೆಗೆ ಹೋಯಿತು. ಕೊಕ್ಕೆ ಖಾಲಿ.

“ಕಟ್ಟಿಕೊಂಡೇ ಹೋದ್ರು,” ಎಂದರು ಎಷ್ಟೋ ಅಗೆಲು ಬಡಿಸಿದ ಭೋಜ ಮಾವ, ಬಹಳ ಗೌರವದಿಂದ. ಸುಗಂಧಿಯಮ್ಮ ಕೈಮುಗಿದರು. ಎಲ್ಲರೂ ಕಣ್ಣು ಮುಚ್ಚಿದರು. ಆ ಕತ್ತಲಿನ ಸೌಕರ್ಯದಲ್ಲಿ ಯೋಗೀಶ ಬಾಗಿಲ ಮರೆಯಿಂದ ಜಾರಿ, ಸಾಲಿನ ಕೊನೆಯಲ್ಲಿ ಚೈತನ್ಯಾಳ ಪಕ್ಕ ಕೈಮುಗಿದು ನಿಂತ.

“ಎಲ್ಲಿ ಹೋಗಿದ್ರಿ?” ಎಂದು ಅವಳು ಪಿಸುಗುಟ್ಟಿದಳು.

“ಮೀಲಿಕ್ಕೆ.”

ಅತ್ತೆ ತಿರುಗಿದರು. ಅಳಿಯನ ಹೊಟ್ಟೆಯನ್ನು ಒಮ್ಮೆ ನೋಡಿದರು. ಹತ್ತಿರ ಬಂದು ಅವನ ತಲೆಯಿಂದ ಉದ್ದನೆಯ ಜೇಡರಬಲೆಯೊಂದನ್ನು ತೆಗೆದು, ಬೆರಳಿನಲ್ಲಿ ಉಂಡೆ ಮಾಡಿ ಎಸೆದರು.

ಯೋಗೀಶ ಬದುಕಿಕೊಂಡ. ಮೆಟ್ಟಿಲು ಇಳಿಯುವಾಗ ಎದೆ ಹಗುರವಾಗಿತ್ತು. ಅತ್ತೆಯ ಗಂಟಲಿನ ಮಿಡಿ ಇಳಿದಿತ್ತು, ಭೋಜ ಮಾವನ ತೀರ್ಪು ನಿಜವಾಗಿತ್ತು, ಹರ್ಷಿತನ ಕೋಣೆ ಖಾಲಿಯಾಗಿತ್ತು, ಮಾಂಸ ಹೊಟ್ಟೆಯ ಮೇಲೆ ಬೆಚ್ಚಗೆ ಕೂತಿತ್ತು. ಇಡೀ ಊರಿನಲ್ಲಿ ಆ ದಿನ ನಷ್ಟವಾದದ್ದು ಎರಡು ಹುಂಜಗಳಿಗೆ ಮಾತ್ರ ಎಂದು ಅವನ ಲೆಕ್ಕ.

ಕ್ಲಾರೆನ್ಸ್ ಹಲಗೆ ತೊಳೆದು, ಚೂರಿ ಮಸೆದು ಕಾಯುತ್ತಿದ್ದ. ಅಂಥ ಗಳಿಗೆಗೆ ತಕ್ಕ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗಂಟಿನ ನಾರು ಕತ್ತರಿಸಿದ. ಮುಂಡಿನ ಒಂದು ಸುತ್ತು ಬಿಚ್ಚಿತು, ಇನ್ನೊಂದು ಬಿಚ್ಚಿತು. ಬ್ರಾಂಡಿ, ಕಾಳುಮೆಣಸಿನ ಪರಿಮಳ ಎದ್ದಿತು. ಇಬ್ಬರೂ ಕಣ್ಣು ಮುಚ್ಚಿ ಉಸಿರೆಳೆದರು. ಕಣ್ಣು ತೆರೆದಾಗ ಹಲಗೆಯ ಮೇಲೆ ಕಂದು ಬಣ್ಣದ ಉದ್ದುರುಟಿನ ವಸ್ತುವೊಂದು ಕೂತಿತ್ತು. ಕ್ಲಾರೆನ್ಸ್ ಚೂರಿ ಇಟ್ಟ. ಚೂರಿ ನಾರಿಗೆ ಸಿಕ್ಕಿ ಕರಕರ ಎಂದಿತು. ಅವನು ತುಂಡನ್ನು ಎತ್ತಿ ಬೆಳಕಿಗೆ ಹಿಡಿದ, ಮೂಸಿದ, ನಾಲಗೆ ತಾಗಿಸಿದ. ಮೂವತ್ತು ವರ್ಷದ ಸಮುದ್ರಯಾನದಲ್ಲಿ ಅವನ ಮುಖ ಇಷ್ಟು ಪೆಚ್ಚಾಗಿರಲಿಕ್ಕಿಲ್ಲ.

“ಯೋಗೀಶ, ಇದು ಹಲಸು.”

ಬಾಗಿಲಲ್ಲಿ ನಿಂತಿದ್ದ ರೋಸಿಬಾಯಿ ಮುಂದೆ ಬಂದರು. ಮುಳ್ಳುಸಿಪ್ಪೆ ಹೆರೆದು, ಮಾಂಸದ ಆಕಾರಕ್ಕೆ ಕೆತ್ತಿ, ಉಪ್ಪು ಮೆಣಸು ಹಚ್ಚಿ ಒಣಗಿಸಿದ್ದ ಅದನ್ನು ತಿರುಗಿಸಿ ನೋಡಿದರು. ಒಂದು ತುದಿಯಲ್ಲಿ ತೊಟ್ಟು ಇನ್ನೂ ಉಳಿದಿತ್ತು, ಕತ್ತಿಯಲ್ಲಿ ಕೊಯ್ದ ತೊಟ್ಟು. “ಇದು ನಮ್ಮ ಗುಜ್ಜೆ,” ಎಂದರು. ಆಮೇಲೆ ಯೋಗೀಶನನ್ನು ನೋಡಿದ ನೋಟದಲ್ಲಿ ಮಂಗಗಳ ಇಡೀ ಕುಲ ದೋಷಮುಕ್ತವಾಯಿತು.

ಕ್ಲಾರೆನ್ಸ್ ಚೀಟಿಯ ಅಂಕಿಗಳ ಮೇಲೆ ಬೆರಳಾಡಿಸಿದ. ಮೊದಲ ಐದು ವಾರ ನಿಧಾನವಾಗಿ ಇಳಿದದ್ದು ಮಾಂಸ. ಕೊನೆಯ ಮೂರು ವಾರ ಓಡಿದ್ದು ಗುಜ್ಜೆ. ಬೆಳಗಿನಿಂದ ಯಾವ ಹತ್ತು ಗ್ರಾಮಿಗಾಗಿ ಯೋಗೀಶ ಕಿಂಡಿಯಲ್ಲಿ ಸಿಕ್ಕಿ, ಧೂಳು ತಿಂದು, ಹಸಿದು ಕಾದನೋ ಅದು ಹಲಸಿನ ನೀರು. “ತಕ್ಕಡಿಯನ್ನು ಬೈದು ಪ್ರಯೋಜನ ಇಲ್ಲ,” ಎಂದ ಕ್ಲಾರೆನ್ಸ್. “ಅದಕ್ಕೆ ತೂಕ ಗೊತ್ತುಂಟು, ಸಾಮಾನು ಗೊತ್ತಿಲ್ಲ.”

ಮುಂದಿನ ವಾರ ರೋಸಿಬಾಯಿಯ ಹಲಸಿನ ಮರಕ್ಕೆ ಬಲೆ ಕಟ್ಟಿಕೊಡುವುದಾಗಿ ಮಾತು ಕೊಟ್ಟು ಯೋಗೀಶ ಮನೆಗೆ ಬಂದ. ಎಲ್ಲರೂ ಉಂಡು ಮುಗಿಸಿದ್ದರು. ಭೋಜ ಮಾವ ಜಗಲಿಯಲ್ಲಿ ಯಾರಿಗೋ ಫೋನಿನಲ್ಲಿ, ಕಟ್ಟಿಕೊಂಡೇ ಹೋದರು ಮಾರಾಯ, ಚೂರೂ ಬಿಡಲಿಲ್ಲ ಎಂದು ಹೇಳುತ್ತಿದ್ದರು. ಅತ್ತೆ ಅಳಿಯನಿಗೊಬ್ಬನಿಗೇ ಎಲೆ ಹಾಕಿ, ಕೋಳಿಯ ತೊಡೆಯನ್ನೇ ಹುಡುಕಿ ಬಡಿಸಿದರು. ಅವನು ತಲೆ ಎತ್ತಲಿಲ್ಲ. ಅವರು ಪಕ್ಕದ ಮಣೆಯ ಮೇಲೆ ಕೂತು, ಮಡಿಲಲ್ಲಿದ್ದ ಮಲ್ಲಿಗೆ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟತೊಡಗಿದರು. ಒಂದೊಂದು ಗಂಟೂ ಅಚ್ಚುಕಟ್ಟು, ಬಿಗಿ. ಯೋಗೀಶನ ಕೈ ಎಲೆಯ ಮೇಲೇ ನಿಂತಿತು.

“ನಿಮ್ಮ ಮಾವನಿಗೆ ತುಂಬ ಸಂತೋಷ ಆಯ್ತು,” ಎಂದರು ಅತ್ತೆ, ಹೂವಿನಿಂದ ಕಣ್ಣು ತೆಗೆಯದೆ. “ಮೊನ್ನೆಯಷ್ಟೇ ಮುಗೀತಂತೆ. ತೆಂಗಿನೆಣ್ಣೆಯಲ್ಲಿ ಚೂರು ಹುರಿದ್ರೆ ಗಂಜಿಗೆ ಅದರಷ್ಟು ಒಳ್ಳೇದು ಬೇರೆ ಇಲ್ವಂತೆ.”

ಬೆಂಕಿ ತಾಗಿಸಿದರೆಂದು ಕ್ಲಾರೆನ್ಸಿಗೆ ಹೇಳಬಾರದು ಎಂಬುದೊಂದೇ ಆ ಗಳಿಗೆಯಲ್ಲಿ ಯೋಗೀಶನಿಗೆ ಹೊಳೆದದ್ದು.

“ಹರ್ಷಿತ ತಿಂಗಳು ಕಳೆದು ಹೋಗ್ತಾನೆ. ಕೀಲಿ ನನ್ನ ಹತ್ರ ಉಂಟು. ಮುಂಡು ಇನ್ನೂ ಮೂರು ಉಂಟು ಪೆಟ್ಟಿಗೆಯಲ್ಲಿ.” ಅತ್ತೆ ನಾರನ್ನು ಹಲ್ಲಿನಿಂದ ಕಡಿದರು. “ಉಪ್ಪು ಮಾತ್ರ ಈ ಸಲ ಒಂದು ಚೂರು ಮುಂದಾಗಿತ್ತಂತೆ. ಬರುವ ಸಲ ಸ್ವಲ್ಪ ಕಡಿಮೆ ಹಾಕಿ.”

ಹದಿನೆಂಟು ವರ್ಷದ ಅಭ್ಯಾಸ ಯೋಗೀಶನ ಬಾಯಿ ತೆರೆಸಿತು.

“ಎಷ್ಟು ಗ್ರಾಂ ಕಡಿಮೆ ಮಾಡ್ಲಿ ಅತ್ತೆ?”

“ಹತ್ತು ಸಾಕು,” ಎಂದರು ಸುಗಂಧಿಯಮ್ಮ.